ಕಲಬುರಗಿ ಬಿಸಿಲಲ್ಲಿ ಕಾರ್ನ್ ಸ್ನೇಕ್ ಮರಿ: ಊಟ, ತೂಕ, ತಂಪು

ಕಾರ್ನ್ ಸ್ನೇಕ್ ಸಾಕುವ ಬಗ್ಗೆ ಸಿಗುವ ಮಾಹಿತಿ ಹೆಚ್ಚಾಗಿ ಚಳಿ ದೇಶದವರು ಬರೆದದ್ದು. ಪುಟಗಟ್ಟಲೆ ಹೀಟ್ ಮ್ಯಾಟು, ಬಿಸಿ ದೀಪದ ಮಾತೇ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಹೊರಗೆ 42–43 ಡಿಗ್ರಿ ಇರುತ್ತದೆ. ಆರ್‌ಸಿಸಿ ಛಾವಣಿಯ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ. ಮರಿಗೆ ಬೇಕಾದದ್ದು ಡಬ್ಬಿಯ ಒಂದು ತುದಿಯಲ್ಲಿ 28–30, ಇನ್ನೊಂದು ತುದಿಯಲ್ಲಿ 23–25 ಡಿಗ್ರಿ. 35 ದಾಟಿ ನಿಂತರೆ ಜೀವಕ್ಕೇ ಕುತ್ತು. ಆದ್ದರಿಂದ ನನ್ನಲ್ಲಿ ಊಟದ ದಿನ ಹೇಳುವುದು ಥರ್ಮಾಮೀಟರ್.

ಮೊದಲೇ ಒಂದು ಮಾತು: ಇದು ಅಮೆರಿಕದ ಆಗ್ನೇಯ ಭಾಗದ ಹಾವು. ನಮ್ಮ ಕೇರೆ ಎಷ್ಟೇ ಸಾಧುವಾಗಿ ಕಂಡರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಾರ್ನ್ ಸ್ನೇಕನ್ನೂ ರಸೀದಿ, ಎಲ್ಲಿ ಹುಟ್ಟಿದ್ದೆಂಬ ಕಾಗದ ಇಲ್ಲದೆ ತರಬೇಡಿ.

ಮೊಟ್ಟೆಯಿಂದ ಬಂದ ಮರಿ 5–8 ಗ್ರಾಂ ತೂಗುತ್ತದೆ, ಉದ್ದ ಒಂದು ಗೇಣು ಇಲ್ಲವೇ ತುಸು ಹೆಚ್ಚು. ಏಳರಿಂದ ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ; ಅಲ್ಲಿಯವರೆಗೆ ಊಟ ಕೊಡುವುದಿಲ್ಲ. ಆಮೇಲೆ 1–1.5 ಗ್ರಾಮಿನ, ಕೂದಲು ಬಾರದ ಬಿಳಿ ಇಲಿಮರಿ, ಅಂದರೆ ಪಿಂಕಿ, ಒಂದೇ ಒಂದು, ಐದಾರು ದಿನಕ್ಕೊಮ್ಮೆ. ಹಾವು 15 ಗ್ರಾಂ ದಾಟಿದ ಮೇಲೆ 2.5–3 ಗ್ರಾಮಿನ ಪಿಂಕಿ. 25ರಿಂದ 50 ಗ್ರಾಮಿನವರೆಗೆ ಕೂದಲು ಮೂಡಿದ ಫಜಿ, ವಾರಕ್ಕೊಂದು. ಅದರಾಚೆ 100 ಗ್ರಾಮಿನವರೆಗೆ 7–12 ಗ್ರಾಮಿನ ಹಾಪರ್, ಅಂದರೆ ಕಣ್ಣು ಬಿಟ್ಟು ನೆಗೆದಾಡುವ ಇಲಿಮರಿ. ತೀರ ಚಿಕ್ಕ ಮರಿಗೆ ದಪ್ಪ ನೋಡಬೇಕು: ಊಟ ಹಾವಿನ ನಡುವಿನಷ್ಟಿರಲಿ, ತುಸು ಹೆಚ್ಚಾದರೂ ಸರಿ. ಬೆಳೆದ ಮೇಲೆ ದೇಹತೂಕದ ನೂರಕ್ಕೆ 10–15 ಪಾಲು ಸಾಕು. ತೂಕಕ್ಕೆ ಅಕ್ಕಸಾಲಿಗರ ಬಳಿ ಇರುವಂಥ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಪ್ರತಿ ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಕಣ್ಣಂದಾಜು ಕೈಕೊಡುತ್ತದೆ.

ಫ್ರೀಜರಿನ ಇಲಿಯನ್ನು ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ಮರುದಿನ ಜಿಪ್ ಕವರಿನಲ್ಲಿ ಹಾಕಿ 40 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಡುತ್ತೇನೆ. ಕುದಿನೀರು ಹಾಕಿದರೆ ಇಲಿಯ ಹೊಟ್ಟೆ ಒಡೆಯುತ್ತದೆ. ಮೈಕ್ರೋವೇವಿನಲ್ಲಿ ಹೊರಗೆ ಬೆಂದು ಒಳಗೆ ಗಡ್ಡೆಯಾಗೇ ಉಳಿಯುತ್ತದೆ. ಕರೆಂಟ್ ಹೋಗಿ ಫ್ರೀಜರಿನಲ್ಲಿ ಪೂರಾ ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಬೇಡಿ, ಎಸೆಯಿರಿ. ಮನೆಯಲ್ಲೋ ತೊಗರಿ ಗೋದಾಮಿನಲ್ಲೋ ಹಿಡಿದ ಇಲಿಯಂತೂ ಬೇಡವೇ ಬೇಡ: ಅದು ಪಾಷಾಣ ತಿಂದಿರಬಹುದು, ಹೊಟ್ಟೆಯಲ್ಲಿ ಹುಳುವೂ ಇರಬಹುದು.

ಮರಿಗಳು ಹೆಚ್ಚಾಗಿ ಕೈತಪ್ಪುವುದು ವಾಂತಿಯಲ್ಲಿ. ಊಟ ದೊಡ್ಡದಾದರೂ, ತಿಂದ 48 ಗಂಟೆಯೊಳಗೆ ಕೈಗೆತ್ತಿಕೊಂಡರೂ, ಕೋಣೆ ಅತಿ ಬಿಸಿ ಅಥವಾ ಅತಿ ತಣ್ಣಗಾದರೂ ಎರಡು ಮೂರು ದಿನಕ್ಕೆ ಅರ್ಧ ಜೀರ್ಣವಾದ ಇಲಿ ಹೊರಗೆ ಬರುತ್ತದೆ. ಅದರ ಜತೆ ಹೊಟ್ಟೆಯ ಆಮ್ಲವೂ ಹೋಗುತ್ತದೆ. ಪಾಪ ಹಸಿದಿದೆ ಎಂದು ಮರುದಿನವೇ ತಿನ್ನಿಸಿದರೆ ಮತ್ತೆ ವಾಂತಿ, ಮೂರನೆಯ ಸಲಕ್ಕೆ ಮರಿ ಉಳಿಯುವುದು ಕಷ್ಟ. ನಾನು 12–14 ದಿನ ಬರೀ ನೀರಿಟ್ಟು ಬಿಡುತ್ತೇನೆ, ನಂತರ ಅರ್ಧ ಗಾತ್ರದ ಊಟ. ಬೇಸಿಗೆಯಲ್ಲಿ ಕೋಣೆಯನ್ನು 30ಕ್ಕೆ ಇಳಿಸಲಾಗದ ವಾರ ಊಟವನ್ನೇ ಮುಂದೂಡುತ್ತೇನೆ. ತೂಕ ಸರಿಯಿದ್ದ ಮರಿಗೆ ಹತ್ತು ದಿನದ ಉಪವಾಸ ಏನೂ ಅಲ್ಲ.

ತಂಪಿಗೆ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲಿನಷ್ಟು ಸೋವಿ ಉಪಾಯ ಬೇರಿಲ್ಲ. ಆರು ಲೀಟರಿನ ಪ್ಲಾಸ್ಟಿಕ್ ಡಬ್ಬಿಗೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ಇಪ್ಪತ್ತು ತೂತು ಹಾಕಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ, ಬಿಸಿಲು ಬೀಳದ ಕೋಣೆಯ ಫರಸಿ ನೆಲದ ಮೇಲಿಡಿ. ಒಂದು ಬದಿಗೆ ಒದ್ದೆ ಗೋಣಿತಟ್ಟು ಹೊದಿಸಿ, ತೂತು ಮುಚ್ಚಬಾರದು, ಫ್ಯಾನ್ ಹಾಕಿ. ನಮ್ಮ ಬೇಸಿಗೆಯ ಗಾಳಿ ಒಣ, ಅದಕ್ಕೇ ಇದು ಕೆಲಸ ಮಾಡುತ್ತದೆ; ಜೂನ್ ಮಳೆ ಶುರುವಾದ ಮೇಲೆ ಅದೇ ತಟ್ಟು ಬೂಸ್ಟು ಹಿಡಿಸುತ್ತದೆ, ತೆಗೆದುಬಿಡಿ. ಏರ್ ಕೂಲರ್ ಇದ್ದರೆ ಗಾಳಿ ನೇರ ಡಬ್ಬಿಗೆ ಬಡಿಯದಂತೆ ತಿರುಗಿಸಿ.

ಒಣ ಗಾಳಿಯ ಇನ್ನೊಂದು ಕಾಟ ಪೊರೆ. ತೇವ ನೂರಕ್ಕೆ 40ರ ಕೆಳಗಿಳಿದರೆ ಪೊರೆ ಚೂರುಚೂರಾಗಿ ಬರುತ್ತದೆ, ಬಾಲದ ತುದಿಯಲ್ಲಿ ಉಂಗುರದಂತೆ ಉಳಿದು ರಕ್ತ ತಡೆಯುತ್ತದೆ. ಪೊರೆ ಬಿಡುವ ಮುಂಚೆ ಕಣ್ಣು ಹಾಲಿನಂತೆ ಮಸುಕಾಗುತ್ತದೆ; ಆ ದಿನವೇ, ಒಂದು ತೂತಿರುವ ಪುಟ್ಟ ಡಬ್ಬಿಯಲ್ಲಿ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ ಹಾಕಿ ಒಳಗಿಡುತ್ತೇನೆ. ಆ ದಿನಗಳಲ್ಲಿ ಊಟ ಕೊಡುವುದಿಲ್ಲ, ಕೊಟ್ಟರೂ ಬಹುಪಾಲು ಮುಟ್ಟವು. ಪೊರೆ ಉಳಿದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿದ ಬಟ್ಟೆಯ ನಡುವೆ ಹರಿದಾಡಲು ಬಿಡಿ. ಕಣ್ಣಿನ ಮೇಲಿನದನ್ನು ಮಾತ್ರ ಉಗುರಿಂದ ಕೀಳಬೇಡಿ.

ತಿನ್ನದ ಮರಿಯನ್ನು ಪಿಂಕಿಯ ಜತೆ ತೂತಿರುವ ಚಿಕ್ಕ ಕಪ್ಪಿನಲ್ಲಿ ಹಾಕಿ, ಕತ್ತಲಲ್ಲಿ ರಾತ್ರಿಯಿಡೀ ಬಿಡುವುದು ಮೊದಲ ಉಪಾಯ. ಆಗದಿದ್ದರೆ ಸತ್ತ ಪಿಂಕಿಯ ತಲೆಗೆ ಸೂಜಿ ಚುಚ್ಚಿ ಒಳಗಿನ ವಾಸನೆ ಹೊರಬರಿಸಿ. ಮೂರು ವಾರ ತಿನ್ನದೆಯೂ ತೂಕ ನೂರಕ್ಕೆ 10ರಷ್ಟು ಇಳಿದಿಲ್ಲ ಎಂದರೆ ಕಾಯಬಹುದು. ಅದಕ್ಕಿಂತ ಇಳಿದರೆ ಪಶುವೈದ್ಯರಲ್ಲಿ ಮಲ ಪರೀಕ್ಷೆ ಮಾಡಿಸಿ. ಬಲವಂತವಾಗಿ ತುರುಕುವುದು ಅನನುಭವಿಗಳ ಕೆಲಸವಲ್ಲ.

ಬೇಸಿಗೆಯಲ್ಲಿ ಇರುವೆ ಇಲಿಯ ವಾಸನೆಗೆ ಸಾಲುಗಟ್ಟುತ್ತವೆ, ಎಳೆ ಮರಿಯನ್ನೂ ಬಿಡುವುದಿಲ್ಲ. ಇರುವೆ ಚಾಕ್‌ಪೀಸು, ಸೊಳ್ಳೆಬತ್ತಿ, ನುಸಿಗುಳಿಗೆ ಆ ಕೋಣೆಗೆ ಬೇಡ, ಹಾವಿಗೆ ಅವು ವಿಷ. ಇರುವೆ ಕಂಡರೆ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡಿ, ಅಜ್ಜಿಯರು ಹಾಲಿನ ಗೂಡಿಗೆ ಮಾಡುತ್ತಿದ್ದ ಹಾಗೆ.

ಡಿಸೆಂಬರ್ ಬಂದರೆ ಅದೇ ಫರಸಿ ಹಗೆ: ಡಬ್ಬಿಯ ಬಿಸಿಯನ್ನೆಲ್ಲ ಹೀರುತ್ತದೆ. ಬೀದರಿನಲ್ಲಿ ರಾತ್ರಿ ಇನ್ನೂ ತಣ್ಣಗಿರುತ್ತದೆ. ಆಗ ಕೆಳಗೆ ಥರ್ಮೋಕೋಲ್ ಹಾಸಿ, ಡಬ್ಬಿಯ ಮೂರನೇ ಒಂದು ಭಾಗದಡಿ ಮಾತ್ರ ಹೀಟ್ ಮ್ಯಾಟ್ ಇಟ್ಟು, ಥರ್ಮೋಸ್ಟಾಟ್ 30ಕ್ಕೆ ಹೊಂದಿಸುತ್ತೇನೆ. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ 40 ದಾಟಿ ಹೊಟ್ಟೆ ಸುಡುತ್ತದೆ.