ಮದುವೆಯ ಡಿವಿಡಿಯಲ್ಲಿ ಚೌಕಳಿ ಮೂಡಿದರೆ ಏನು ಮಾಡಬೇಕು?

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಚಿತ್ರ ಚೌಕಳಿ ಚೌಕಳಿಯಾಗಿ ಒಡೆಯುತ್ತದೆ. ಅಕ್ಷತೆ ಬಿದ್ದು ಮುಗಿದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಹುಬ್ಬಳ್ಳಿ-ಧಾರವಾಡದ ಮನೆಗಳ ಟ್ರಂಕು, ತಿಜೋರಿಗಳಲ್ಲಿ ಇಂಥ ಡಿಸ್ಕ್‌ಗಳು ಬೇಕಾದಷ್ಟಿವೆ. ಹಳೆಯ ವಿಎಚ್‌ಎಸ್ ಕ್ಯಾಸೆಟ್‌ನಿಂದ ಇಳಿಸಿಕೊಂಡ ಮದುವೆ, ಕುಬಸ, ಮಗುವಿನ ಜವಳ, ಊರ ತೇರು, ಓಣಿಯ ಗಣಪತಿ ಮೆರವಣಿಗೆ. ಅವುಗಳಲ್ಲಿ ಓಡಾಡುವ ಅಜ್ಜ, ಅಜ್ಜಿ, ಸೋದರಮಾವ ಇಂದು ಬೇರೆಲ್ಲೂ ಕಾಣಸಿಗುವುದಿಲ್ಲ. ಆದ್ದರಿಂದ ಹಳೆಯದಾಯಿತೆಂದು ಡಿಸ್ಕನ್ನು ಕೈಬಿಡಬೇಡಿ. ಕಾರಣ ತಿಳಿಯದೆ ಇನ್ನೊಂದು ಖಾಲಿ ಡಿಸ್ಕ್ ತಂದು ಮತ್ತೆ ಬರೆಯುವುದಕ್ಕೂ ಹೋಗಬೇಡಿ. ಚೌಕಳಿ ಹುಟ್ಟುವ ಜಾಗಗಳು ಮೂರು: ವಿಡಿಯೊವನ್ನು ಕುಗ್ಗಿಸುವಾಗ, ಡಿಸ್ಕ್‌ನ ಮೈಯಲ್ಲಿ, ಪ್ಲೇಯರ್ ಓದುವಾಗ. ಎಲ್ಲಿ ಹುಟ್ಟಿತೆಂದು ಗೊತ್ತಾಗುವವರೆಗೆ ಮಾಡಿದ ಖರ್ಚೆಲ್ಲ ದಂಡ.

ಮೊದಲು ನಕಲು, ಆಮೇಲೆ ರಿಪೇರಿ

ಕೊಂಡು ತಂದ ಸಿನಿಮಾ ಡಿಸ್ಕ್‌ನಲ್ಲಿ ಮಾಹಿತಿಯನ್ನು ಪ್ಲಾಸ್ಟಿಕ್ಕಿನೊಳಗೆ ಕುಳಿಗಳಾಗಿ ಅಚ್ಚೊತ್ತಿರುತ್ತಾರೆ. ಮನೆಯಲ್ಲೋ ಸ್ಟುಡಿಯೊದಲ್ಲೋ ಒಮ್ಮೆ ಬರೆಯುವ ಡಿಸ್ಕ್‌ನಲ್ಲಿ ಇರುವುದು ಸಾವಯವ ಬಣ್ಣದ ತೆಳುವಾದ ಪದರ. ರೈಟರ್‌ನ ಲೇಸರ್ ಅದನ್ನು ಕಾಯಿಸಿ ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತ ಹೋಗುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಉಳಿದ ಡಿಸ್ಕ್ ಇಂದು ಓದಿದರೂ ಮುಂದಿನ ವರ್ಷ ಓದುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಪರೀಕ್ಷೆ, ಉಜ್ಜಾಟ ಯಾವುದಕ್ಕೂ ಮುಂಚೆ ಡಿಸ್ಕ್‌ನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನ ತೂತಿನಿಂದ ಹೊರಗಿನ ಅಂಚಿಗೆ ನೇರವಾಗಿ ಒರೆಸಿ. ವೃತ್ತಾಕಾರವಾಗಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನುದ್ದಕ್ಕೂ ಹರಿಯುತ್ತದೆ. ಅಡ್ಡ ಗೀರನ್ನು ಸರಿಪಡಿಸುವಷ್ಟು ಸುಲಭವಾಗಿ ಉದ್ದ ಗೀರನ್ನು ಪ್ಲೇಯರ್ ಸರಿಪಡಿಸಲಾರದು. ಎಣ್ಣೆ ಕೈಯ ಗುರುತಿದ್ದರೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಟೂತ್‌ಪೇಸ್ಟ್ ಉಜ್ಜಿದರೆ ಗೀರು ಹೋಗುತ್ತದೆಂದು ಹೇಳುವವರಿದ್ದಾರೆ. ಇರುವುದೊಂದೇ ಪ್ರತಿಯಾದರೆ ಆ ಪ್ರಯೋಗವನ್ನು ಖಂಡಿತ ಮಾಡಬೇಡಿ.

ಡಿವಿಡಿಯಾದರೆ ವಿಡಿಯೊ_ಟಿಎಸ್ ಎಂಬ ಫೋಲ್ಡರನ್ನು, ವಿಸಿಡಿಯಾದರೆ, ಅಂದರೆ ಸಿಡಿಯಲ್ಲಿ ವಿಡಿಯೊ ತುಂಬಿದ ಹಳೆಯ ಬಗೆಯಾದರೆ, ಎಂಪಿಇಜಿಎವಿ ಫೋಲ್ಡರಿನೊಳಗಿನ ಡ್ಯಾಟ್ ಕಡತವನ್ನು ಹಾರ್ಡ್ ಡಿಸ್ಕ್‌ಗೆ ನಕಲಿಸಿ. ನಕಲು ನಡುವೆ ನಿಂತು ಕಂಪ್ಯೂಟರ್ ದೋಷದ ಸಂದೇಶ ತೋರಿಸಿದರೆ ಡಿಸ್ಕ್‌ನ ಮೈಗೇ ಪೆಟ್ಟಾಗಿದೆ ಎಂದರ್ಥ. ಆಗ ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದಲಾರದ್ದನ್ನು ಬೇರೊಂದು ಓದುವುದು ಅಪರೂಪವೇನಲ್ಲ. ಡಿವಿಡಿಗಳಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಲಿನಕ್ಸ್‌ನಲ್ಲಿ ಸಿಗುತ್ತದೆ. ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ತೆಗೆದಿಟ್ಟುಕೊಂಡು, ಕೆಟ್ಟ ಭಾಗಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಯಾವ ಭಾಗ ಬಂತು, ಯಾವುದು ಉಳಿಯಿತು ಎಂಬ ನಕ್ಷೆಯನ್ನೂ ಬರೆದಿಡುತ್ತದೆ. ಅದೇ ನಕ್ಷೆಯೊಂದಿಗೆ ಡಿಸ್ಕನ್ನು ಎರಡನೆಯ ಡ್ರೈವ್‌ಗೆ ಹಾಕಿದರೆ ಉಳಿದದ್ದನ್ನು ಮಾತ್ರ ಹುಡುಕುತ್ತದೆ. ರಾತ್ರಿಯಿಡೀ ನಡೆದರೂ ನಡೆಯಲಿ, ತಾಳ್ಮೆಯಿಂದ ಬಿಡಿ.

ಚೌಕಳಿಯ ಚಹರೆ ನೋಡಿ

ಚಿತ್ರ ಚೌಕವಾಗಿಯೇ ಏಕೆ ಒಡೆಯುತ್ತದೆ? ವಿಡಿಯೊ ಕುಗ್ಗಿಸುವ ವಿಧಾನ ವಿಸಿಡಿಯ ಎಂಪೆಗ್-1 ಆಗಲಿ, ಡಿವಿಡಿಯ ಎಂಪೆಗ್-2 ಆಗಲಿ, ಚಿತ್ರವನ್ನು 16×16 ಪಿಕ್ಸೆಲ್‌ಗಳ ತುಂಡುಗಳಾಗಿ, ಅವನ್ನು ಮತ್ತೆ 8×8ರ ತುಂಡುಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಅಲ್ಲದೆ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಸೆಕೆಂಡಿಗೆ 25 ಚಿತ್ರಗಳಲ್ಲಿ ಸಾಮಾನ್ಯವಾಗಿ ಎರಡು ಮಾತ್ರ ಪೂರ್ಣ. ಉಳಿದವುಗಳಲ್ಲಿ ಹೆಚ್ಚಾಗಿ ಇರುವುದು, ಅಕ್ಕಪಕ್ಕದ ಚಿತ್ರಗಳಿಗೆ ಹೋಲಿಸಿದರೆ ಏನು ಬದಲಾಯಿತು ಎಂಬ ವಿವರ. ಹೀಗಾಗಿ ಪೂರ್ಣ ಚಿತ್ರದಲ್ಲೊಂದು ತುಂಡು ಕೆಟ್ಟರೆ ಮುಂದಿನ ಪೂರ್ಣ ಚಿತ್ರ ಬರುವವರೆಗೆ, ಅಂದರೆ ಸುಮಾರು ಅರ್ಧ ಸೆಕೆಂಡು, ಆ ಕಲೆ ತೆರೆಯ ಮೇಲೆ ಉಳಿಯುತ್ತದೆ. ಜೋರು ಮಳೆ ಹಿಡಿದಾಗ ಡಿಶ್ ಟಿವಿಯ ಚಿತ್ರ ಒಡೆಯುವುದೂ ಇದೇ ಬಗೆಯಲ್ಲಿ. ಡಿಸ್ಕಿನಿಂದ ಟಿವಿಗೆ ಹೋಗುವ ಹಳದಿ ವೈರಿನ ದೋಷಕ್ಕೆ ಗೆರೆ, ಚುಕ್ಕೆ, ಬಣ್ಣಗೇಡು ಬರಬಹುದು, ಚೌಕಳಿ ಬರುವುದಿಲ್ಲ. ವೈರ್ ಬದಲಿಸುತ್ತ ಕೂರಬೇಡಿ.

ಈಗ ಕೆಟ್ಟ ಜಾಗದ ನಿಮಿಷ, ಸೆಕೆಂಡನ್ನು ಕಾಗದದಲ್ಲಿ ಬರೆದುಕೊಂಡು ಅದೇ ಭಾಗವನ್ನು ಎರಡು ಸಲ ಪ್ಲೇಯರ್‌ನಲ್ಲಿ, ಒಂದು ಸಲ ಕಂಪ್ಯೂಟರಿಗೆ ಇಳಿಸಿದ ಕಡತದಿಂದ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶದಲ್ಲಿ ನೋಡಿ.

ಪ್ಲೇಯರ್‌ನಲ್ಲಿ ಪ್ರತಿ ಸಲವೂ ಬೇರೆ ಬೇರೆ ಕಡೆ ಒಡೆದು, ಕಂಪ್ಯೂಟರಿನಲ್ಲಿ ಚೆನ್ನಾಗಿ ಬಂದರೆ ಮೊದಲು ಪ್ಲೇಯರನ್ನೇ ಸಂಶಯಿಸಿ. ಪ್ರತಿ ಸಲ ಅದೇ ಜಾಗದಲ್ಲಿ ಒಡೆದು, ಚೌಕಗಳು ಗಾಢ ಬಣ್ಣದವಾಗಿದ್ದು, ಚಿತ್ರ ನಿಂತು, ಮಾತೂ ತುಂಡಾದರೆ ಅದು ಡಿಸ್ಕ್‌ನ ದೋಷ. ಚೌಕಗಳು ಮಸುಕಾಗಿ, ಮೆತ್ತಗೆ ಕಾಣಿಸಿ, ಗದ್ದಲದ ದೃಶ್ಯದಲ್ಲಿ ಮಾತ್ರ ಬಂದು, ಧ್ವನಿಗೆ ಏನೂ ಆಗದಿದ್ದರೆ ಡಿಸ್ಕ್ ಸರಿಯಾಗಿಯೇ ಇದೆ. ವಿಡಿಯೊ ಕುಗ್ಗಿಸಿದಾಗಲೇ ಕೆಟ್ಟಿದೆ. ಕೊನೆಯ ಲಕ್ಷಣವನ್ನು ಚೆನ್ನಾಗಿ ಗಮನಿಸಿ. ನಮ್ಮ ಕಡೆಯ ಮದುವೆ, ಜಾತ್ರೆಯ ಡಿಸ್ಕ್‌ಗಳಲ್ಲಿ ಅದಕ್ಕೆ ಅವಕಾಶ ಬಹಳ.

ಕುಗ್ಗಿಸುವಾಗ ಆಗುವ ಅನ್ಯಾಯ

ಸ್ಥಿರವಾಗಿ ಕುಳಿತ ಬೀಗರ ಸಾಲಿಗೆ ಬೇಕಾಗುವ ಮಾಹಿತಿ ಕಡಿಮೆ. ನೂರಾರು ಕೈಗಳಿಂದ ಅಕ್ಷತೆ ಹಾರುವಾಗ, ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುವಾಗ, ದೇವರಗುಡ್ಡದಲ್ಲಿ ಭಂಡಾರ ತೂರಿದಾಗ ತೆರೆಯ ಪ್ರತಿ ತುಂಡೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಸಿಗುವ ಮಾಹಿತಿ ಸಾಲದೆ ತುಂಡುಗಳ ಅಂಚು ಹಾಗೆಯೇ ಕಾಣತೊಡಗುತ್ತದೆ. ಯಾವ ಗಳಿಗೆಗಾಗಿ ವಿಡಿಯೊ ಮಾಡಿಸಿದ್ದೆವೋ ಅದೇ ಗಳಿಗೆ ಹಾಳಾಗುವುದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ.

ಲೆಕ್ಕ ಸರಳ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿಯುತ್ತದೆ. ಎರಡು ಗಂಟೆ ತುಂಬಿದರೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಅದು ಒಳ್ಳೆಯ ಚಿತ್ರ. ಮೂರು ಗಂಟೆಗೆ 3.5. ನಾಲ್ಕು ಗಂಟೆ ತುರುಕಿದರೆ 2.6 ಮಾತ್ರ. ಧ್ವನಿಯ ಪಾಲೂ ಇದರಲ್ಲೇ ಹೋಗಬೇಕು. ಡಿವಿಡಿ ತಯಾರಿಸುವ ತಂತ್ರಾಂಶದಲ್ಲಿ ಧ್ವನಿಯನ್ನು ಪಿಸಿಎಂ (ಕುಗ್ಗಿಸದ ಧ್ವನಿ) ಎಂದು ಬಿಟ್ಟಿದ್ದರೆ ಅದೊಂದೇ ಸುಮಾರು 1.5 ಮೆಗಾಬಿಟ್ ನುಂಗುತ್ತದೆ. ಅದನ್ನು ಡಾಲ್ಬಿ ಡಿಜಿಟಲ್‌ಗೆ, ಅಂದರೆ ಎಸಿ3ಗೆ, ಬದಲಿಸಿ 192 ಅಥವಾ 224 ಕಿಲೋಬಿಟ್ ಇಟ್ಟರೆ ಬ್ಯಾಂಡಿನ ಸದ್ದಿಗೂ ಮಂತ್ರಕ್ಕೂ ಧಾರಾಳ. ಈ ಒಂದೇ ಬದಲಾವಣೆಯಿಂದ ನಾಲ್ಕು ಗಂಟೆಯ ಡಿಸ್ಕ್‌ನಲ್ಲಿ ಚಿತ್ರಕ್ಕೆ ಸಿಗುವ ಪಾಲು ದುಪ್ಪಟ್ಟಾಗುತ್ತದೆ. 

ಬಳಿಕ ಎನ್‌ಕೋಡಿಂಗ್, ಅಂದರೆ ಕುಗ್ಗಿಸುವ, ಆಯ್ಕೆಯಲ್ಲಿ ಎರಡು ಸುತ್ತಿನ, ಏರಿಳಿಯುವ ಬಿಟ್‌ರೇಟ್ (ಸೆಕೆಂಡಿಗೆ ಸಿಗುವ ಮಾಹಿತಿಯ ಪ್ರಮಾಣ) ಹಾಕಿ. ಮೊದಲ ಸುತ್ತಿನಲ್ಲಿ ತಂತ್ರಾಂಶ ಎಲ್ಲಿ ಗದ್ದಲವಿದೆ ಎಂದು ನೋಡಿಕೊಂಡು, ಎರಡನೆಯ ಸುತ್ತಿನಲ್ಲಿ ಬೀಗರ ಸಾಲಿನಿಂದ ಉಳಿಸಿದ್ದನ್ನು ಅಕ್ಷತೆಯ ದೃಶ್ಯಕ್ಕೆ ಕೊಡುತ್ತದೆ. ಗರಿಷ್ಠ ಮಿತಿಯನ್ನು 8 ಮೆಗಾಬಿಟ್‌ಗೆ ನಿಲ್ಲಿಸಿ. ನಿಯಮ 9.8ರವರೆಗೆ ಅವಕಾಶ ಕೊಟ್ಟರೂ ಮನೆಯಲ್ಲಿ ಬರೆದ ಡಿಸ್ಕ್‌ಗಳಲ್ಲಿ ಕೆಲವು ಪ್ಲೇಯರ್‌ಗಳು ಅಷ್ಟು ವೇಗಕ್ಕೆ ತಡವರಿಸುತ್ತವೆ.

ಮೂಲ ವಿಎಚ್‌ಎಸ್ ಕ್ಯಾಸೆಟ್ ಆಗಿದ್ದರೆ ಇನ್ನೊಂದು ತೊಡಕಿದೆ. ಕ್ಯಾಸೆಟ್ಟಿನ ಮರಳು ಮರಳಾದ ಚುಕ್ಕೆಗಳನ್ನು ಎನ್‌ಕೋಡರ್ ಚಲನೆಯೆಂದೇ ಭಾವಿಸಿ ಅದಕ್ಕೂ ಮಾಹಿತಿ ಸುರಿಯುತ್ತದೆ. ಕುಗ್ಗಿಸುವ ಮುನ್ನ ಹದವಾಗಿ ನಾಯ್ಸ್ ತೆಗೆಯುವ ಫಿಲ್ಟರ್ ಹಾಕಿ. ಅತಿಯಾದರೆ ಮುಖಗಳು ಮೇಣದಂತಾಗುತ್ತವೆ. ಚೌಕಟ್ಟಿನ ತಳದಲ್ಲಿ ಸದಾ ನಡುಗುವ ಪಟ್ಟಿಯನ್ನು ಕಪ್ಪು ಬಣ್ಣದಿಂದ ಮುಚ್ಚಿಬಿಡಿ. ಮೂರು-ನಾಲ್ಕು ಗಂಟೆ ಒಂದೇ ಡಿಸ್ಕ್‌ನಲ್ಲಿ ಇರಲೇಬೇಕೆಂದರೆ 720×576 ಬದಲು ಡಿವಿಡಿ ಒಪ್ಪುವ 352×576 ಅಳತೆ ಆರಿಸಿ. ಪಿಕ್ಸೆಲ್‌ಗಳು ಅರ್ಧವಾಗುತ್ತವೆ, ವಿಎಚ್‌ಎಸ್‌ನ ಚಿತ್ರದಲ್ಲಿ ಕಳೆದುಕೊಳ್ಳುವಂಥ ವಿವರ ಹೇಗೂ ಹೆಚ್ಚಿರುವುದಿಲ್ಲ. ನನ್ನನ್ನು ಕೇಳಿದರೆ, ಹಿಂದಿನ ದಿನದ ಅರಿಸಿನ ಒಂದು ಡಿಸ್ಕ್, ಮದುವೆ ಇನ್ನೊಂದು ಡಿಸ್ಕ್ ಎಂದು ಹಂಚುವುದೇ ಉತ್ತಮ.

ಇದೆಲ್ಲ ಮೂಲ ಕ್ಯಾಸೆಟ್ ಅಥವಾ ಕ್ಯಾಮೆರಾ ಕಡತ ಇದ್ದರೆ ಮಾತ್ರ. ಚೌಕಳಿ ಮೂಡಿದ ಡಿವಿಡಿಯನ್ನೇ ಮತ್ತೆ ಕುಗ್ಗಿಸಿದರೆ ಚೌಕಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಸೆಟ್ ಮೇಲಟ್ಟದಲ್ಲಿ ಇದ್ದೀತು, ಸ್ಟುಡಿಯೊದವರ ಹಾರ್ಡ್ ಡಿಸ್ಕ್‌ನಲ್ಲಿ ಉಳಿದಿದ್ದೀತು, ಕೇಳಿ, ಹುಡುಕಿಸಿ.

ಕೈಯಲ್ಲಿರುವುದು ವಿಸಿಡಿಯಾದರೆ ನಿರೀಕ್ಷೆ ಮಿತವಾಗಿರಲಿ. ಅದರ ಚಿತ್ರ 352×288, ಬಿಟ್‌ರೇಟ್ ಸೆಕೆಂಡಿಗೆ 1,150 ಕಿಲೋಬಿಟ್. ಪೂರ್ಣ ಎಚ್‌ಡಿ ಟಿವಿಯಲ್ಲಿ ಹಿಗ್ಗಿದಾಗ ಎಂಟು ಪಿಕ್ಸೆಲ್‌ನ ತುಂಡು ಮೂವತ್ತರಷ್ಟಾಗುತ್ತದೆ. ಟಿವಿಯ ಶಾರ್ಪ್‌ನೆಸ್ ಇಳಿಸಿದರೆ ಕಣ್ಣಿಗೆ ಹಿತ.

ಡಿಸ್ಕ್‌ನದೇ ದೋಷವಾದರೆ

ಡಿಸ್ಕ್ ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ. ಕೊನೆಯ ಅರ್ಧ ಗಂಟೆಯಲ್ಲೇ ಚೌಕಳಿ ಬರುತ್ತಿದ್ದರೆ ಹೊರ ಅಂಚನ್ನು ನೋಡಿ: ಬೆರಳಿನ ಗುರುತು, ತೆಳುವಾಗಿ ಬಾಗಿದ ಮೈ, ಅಸಮವಾಗಿ ಅಂಟಿಸಿದ ಕಾಗದದ ಲೇಬಲ್. ಲೇಬಲ್ ಕಿತ್ತು ತೆಗೆಯಲು ಹೋಗಬೇಡಿ. ಸಿಡಿ, ವಿಸಿಡಿಗಳಲ್ಲಿ ಮಾಹಿತಿಯ ಪದರ ಹೆಸರು ಬರೆಯುವ ಬದಿಯಲ್ಲೇ, ತೆಳುವಾದ ಲೇಪದಡಿ ಇರುತ್ತದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಸಾಕು, ಕೆಳಗಿನ ಮಾಹಿತಿ ಹೋಯಿತು. ಡಿವಿಡಿಯಲ್ಲಿ ಪದರವು 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಭದ್ರವಾಗಿದೆ.

ಹೊಸದಾಗಿ ಬರೆಯುವಾಗ ಹೆಸರಿಲ್ಲದ ಅಗ್ಗದ ಕಟ್ಟು ಬೇಡ. ಬರೆಯುವ ವೇಗ 16 ಎಕ್ಸ್ ಎಂದು ನಮೂದಿಸಿದ ಡಿಸ್ಕನ್ನು 8 ಎಕ್ಸ್‌ನಲ್ಲಿ ಬರೆಯಿರಿ. ಪೂರ್ತಿ ಅಂಚಿನವರೆಗೆ ತುಂಬದೆ ಒಂದಿಷ್ಟು ಜಾಗ ಬಿಡಿ. ಮತ್ತೆ ಮತ್ತೆ ಬರೆಯುವ ಆರ್‌ಡಬ್ಲ್ಯು ಡಿಸ್ಕ್‌ಗಳು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರ್‌ಗಳು ಅವುಗಳಲ್ಲಿ ತಡವರಿಸುತ್ತವೆ. ಮದುವೆಗೆ ಅವು ಬೇಡ. ಇಮ್ಗ್‌ಬರ್ನ್‌ನಂಥ ತಂತ್ರಾಂಶದಲ್ಲಿ ವೆರಿಫೈ ಆಯ್ಕೆ ಇದೆ, ಬರೆದ ಕೂಡಲೇ ಅದು ಡಿಸ್ಕನ್ನು ಓದಿ ಮೂಲದೊಂದಿಗೆ ತಾಳೆ ನೋಡುತ್ತದೆ. ಅದನ್ನು ಎಂದೂ ಬಿಡಬೇಡಿ.

ಪ್ಲೇಯರ್ ತಪ್ಪಿದ್ದರೆ

ಕೊಂಡು ತಂದ ಸಿನಿಮಾ ಡಿಸ್ಕ್ ಕೂಡ ಒಡೆಯುತ್ತಿದ್ದರೆ ಲೆನ್ಸ್ ಮೇಲೆ ಧೂಳು ಕೂತಿರಬಹುದು. ಪ್ಲಗ್ ಕಿತ್ತು, ರಬ್ಬರಿನ ಗಾಳಿ ಬಲ್ಬಿನಿಂದ ಊದಿ. ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಮುಟ್ಟಿ. ಮುಚ್ಚಳ ತೆಗೆದು ಪ್ಲೇಯರ್ ನಡೆಸಿ ಲೇಸರನ್ನು ನೋಡಬಾರದು. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ತೊಂದರೆಯಾದರೆ ಕಾವು ಏರುತ್ತಿದೆ. ಪ್ಲೇಯರ್ ಮೇಲೆ ಹೊದಿಸಿದ ಕ್ರೋಶಾ ಬಟ್ಟೆ, ಅದರ ಮೇಲಿಟ್ಟ ಸೆಟ್‌ಟಾಪ್ ಬಾಕ್ಸ್ ಎರಡನ್ನೂ ತೆಗೆಯಿರಿ.

ಹೊಸ ಡಿಸ್ಕ್ ಸಿದ್ಧವಾದ ಮೇಲೆ ಮನೆಯ ಪ್ಲೇಯರ್‌ನಲ್ಲಿ ಮೊದಲ ಐದು ನಿಮಿಷ, ಅತಿ ಗದ್ದಲದ ದೃಶ್ಯ, ಕೊನೆಯ ಹತ್ತು ನಿಮಿಷ ಹಾಕಿ ನೋಡಿ. ಕಂಪ್ಯೂಟರಿಗೆ ಇಳಿಸಿದ ಕಡತವನ್ನು ಅಳಿಸದೆ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಪ್ರತಿ, ಬೇರೆ ಮನೆಯಲ್ಲಿರುವ ಅಣ್ಣನಿಗೋ ತಂಗಿಗೋ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಕೊಟ್ಟಿಡಿ. ಡಿಸ್ಕ್ ಮೇಲೆ ಹೆಸರು, ತಾರೀಖನ್ನು ನೀರಿನ ಶಾಯಿಯ ಮೆತ್ತನೆ ಮಾರ್ಕರಿನಿಂದ, ತೂತಿನ ಸುತ್ತಲಿನ ಪಾರದರ್ಶಕ ಬಳೆಯಲ್ಲಿ ಬರೆಯಿರಿ.