ಮನೆಯಲ್ಲೇ ಒಂದು ಪುಟ್ಟ ಜಮಖಾನೆ ನೇಯುವುದು ಹೇಗೆ

ನಮ್ಮ ಕಡೆ ಭಜನೆ ಇರಲಿ, ಹೆಣ್ಣು ನೋಡಲು ಬರುವವರಿರಲಿ, ಮನೆಗೆ ನಾಲ್ಕು ಜನ ಬಂದರೆ ಮೊದಲ ಮಾತೇ "ಜಮಖಾನಿ ಹಾಸ್ರಿ" ಅಂತ. ಹಾಸುವುದು ಎಲ್ಲರಿಗೂ ಗೊತ್ತು. ಅದು ಹೇಗೆ ತಯಾರಾಗುತ್ತದೆ ಅಂತ ನೋಡಿದವರು ಕಡಿಮೆ, ಹುಬ್ಬಳ್ಳಿಯಿಂದ ಬಸ್ ಹತ್ತಿದರೆ ನವಲಗುಂದ ಏನು ದೂರವಲ್ಲ ಅಂತ ಗೊತ್ತಿದ್ದರೂ. ನವಲಗುಂದದ ಜಮಖಾನೆಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಆ ಊರಿನದೇ ವಸ್ತು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅಲ್ಲಿ ನೇಯುವವರು ಹೆಣ್ಣುಮಕ್ಕಳು, ಮುಸ್ಲಿಂ ಕುಟುಂಬಗಳವರು, ಮನೆಯೊಳಗೇ ಕೂತು ನೇಯುತ್ತಾರೆ. ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಖಡಾವ್ ಮಗ್ಗ ಅಂತಾರೆ. ಲಾಳಿ ಇಲ್ಲ. ಬಣ್ಣದ ನೂಲನ್ನು ಬೆರಳಿನಿಂದಲೇ ತೂರಿಸಿ, ಪಂಜಾ ಅನ್ನುವ ಕಬ್ಬಿಣದ ಹಲ್ಲಿನ ಹತಾರದಿಂದ ಕೆಳಕ್ಕೆ ಬಡಿಯುತ್ತಾರೆ. ನವಿಲು, ಪಗಡೆ ಹಾಸು, ಎಲ್ಲವೂ ನೆನಪಿನಿಂದಲೇ ಬರುತ್ತವೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕಾಶ್ಮೀರದ, ಭದೋಹಿಯ ರತ್ನಗಂಬಳಿ ಬೇರೆ, ಜಮಖಾನೆ ಬೇರೆ. ರತ್ನಗಂಬಳಿಯಲ್ಲಿ ಒಂದೊಂದು ಎಳೆಗೂ ಗಂಟು ಹಾಕಿ ಕತ್ತರಿಸುತ್ತಾರೆ, ಅದಕ್ಕೇ ಮೇಲೆ ಮೆತ್ತನೆಯ ಜುಂಗು ನಿಲ್ಲುತ್ತದೆ. ಜಮಖಾನೆಯಲ್ಲಿ ಗಂಟೇ ಇಲ್ಲ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಉದ್ದಕ್ಕೆ ಬಿಗಿದ ಹಾಸಿನ ನೂಲನ್ನು ಪೂರ್ತಿ ಮುಚ್ಚಿಬಿಡುತ್ತದೆ, ಎರಡೂ ಮುಖ ಒಂದೇ ಥರ ಕಾಣುತ್ತವೆ. ಅಂಗಡಿಯಲ್ಲಿ ತಿರುಗಿಸಿ ನೋಡಿದಾಗ ಹಿಂದೆ ಬಣ್ಣ ಮಂಕಾಗಿದ್ದರೆ ಅದು ಮೇಲೆ ಅಚ್ಚು ಒತ್ತಿದ್ದು, ನೇಯ್ದದ್ದಲ್ಲ.

ಈಗ ಕೆಲಸಕ್ಕೆ ಬರೋಣ. ನಾವು ನೇಯುವುದು ಒಬ್ಬರು ಕೂರುವಷ್ಟು ಚಿಕ್ಕದು, 14 ಇಂಚು ಅಗಲ, 20 ಇಂಚು ಉದ್ದ. ಬಡಿಗೇರರ ಹತ್ತಿರ ಎರಡು ಇಂಚಿನ ರೀಪಿನಿಂದ ಒಂದು ಚೌಕಟ್ಟು ಮಾಡಿಸಿ, ಒಳ ಅಗಲ 22 ಇಂಚು, ಎತ್ತರ 36 ಇಂಚು. ಮೂಲೆಗಳು ಅಲುಗಾಡಬಾರದು. ಅಲುಗಾಡಿದರೆ ಮುಂದಿನ ಎಲ್ಲ ಕೆಲಸ ದಂಡ.

ಹಾಸಿನ ಎಳೆಗಳಿಗೆ ಬಿಗಿಯಾಗಿ ಹುರಿ ಮಾಡಿದ ಹತ್ತಿ ದಾರ ಬೇಕು, 110 ಮೀಟರ್ ಸಾಕು. ಎರಡೂ ಕೈಯಿಂದ ಜಗ್ಗಿ ನೋಡಿ, ಪಟ್ಟನೆ ಹರಿದರೆ ಬೇಡ. ಹೊಕ್ಕಿಗೆ ಮೆತ್ತಗಿನ ಹತ್ತಿ ನೂಲು, ಸಣ್ಣದಿದ್ದರೆ ನಾಲ್ಕೈದು ಎಳೆ ಕೂಡಿಸಿಕೊಳ್ಳಿ. ಎರಡು ಬಣ್ಣ ಸೇರಿ ಅರ್ಧ ಕಿಲೋ ತಂದರೆ ಉಳಿಯುತ್ತದೆ. ಗದಗಿನವರಿಗೆ ಬೆಟಗೇರಿ ಪಕ್ಕದಲ್ಲೇ ಇದೆ, ನೇಕಾರರ ಊರು, ಅಲ್ಲಿ ವಿಚಾರಿಸಿ.

ನೂಲು ತಂದ ದಿನವೇ ಬಣ್ಣ ಪರೀಕ್ಷೆ ಮಾಡಿ. ಒಂದು ತುಂಡನ್ನು ಬಿಸಿನೀರಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ, ಅಲ್ಲೇ ಒಣಗಲು ಬಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ವಾಪಸ್ ಕೊಡಿ. ಒಂದು ಅಂಗಡಿಯಲ್ಲಿ "ಪಕ್ಕಾ ಕಲರ್" ಅಂದಿದ್ದನ್ನು ನಂಬಿ ಕೆಂಪು ನೂಲು ತಂದಿದ್ದೆ. ಮೊದಲ ಸಲ ತೊಳೆದಾಗಲೇ ಬಿಳಿ ಚೌಕಗಳೆಲ್ಲ ಗುಲಾಬಿಯಾದವು, ಮೂರು ವಾರದ ಕೆಲಸ ಅದು, ಅವತ್ತು ಊಟ ಸೇರಲಿಲ್ಲ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುತ್ತಾರಲ್ಲ, ಬಿಡುವ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಹಾಸು ಹೂಡುವಾಗ ಅವಸರ ಬೇಡ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಎರಡರ ಮೇಲೂ ನಡುವಿನ 14 ಇಂಚಿಗೆ ಇಂಚಿಗೊಂದು ಗುರುತು ಹಾಕಿ. ದಾರದ ತುದಿಯನ್ನು ಕೆಳಗೆ ಕಟ್ಟಿ, ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತುತ್ತಾ ಹೋಗಿ, ಅಂದರೆ ಮೇಲಿನ ಪಟ್ಟಿಯ ಹಿಂದಿನಿಂದ ಇಳಿದ ದಾರ ಕೆಳಗಿನ ಪಟ್ಟಿಯ ಮುಂದೆ ಬರಬೇಕು, ಅದರ ಹಿಂದಿನಿಂದ ಹತ್ತಿದ್ದು ಮೇಲಿನ ಪಟ್ಟಿಯ ಮುಂದೆ ಹೋಗಬೇಕು. ಇಂಚಿಗೆ ಮೂರು ಸುತ್ತು. 42 ಸುತ್ತು ಮುಗಿದಾಗ 84 ಎಳೆ ಆಗುತ್ತವೆ. ಪ್ರತಿ ಸುತ್ತೂ ಒಂದೇ ಬಿಗಿ ಇರಲಿ, ಬೆರಳಿನಿಂದ ಮೀಟಿದರೆ ಏಕತಾರಿಯ ಹಾಗೆ ಸದ್ದು ಬರಬೇಕು. ಒಂದು ಕಡೆ ಸದ್ದು ಸತ್ತಂತೆ ಕೇಳಿದರೆ ಅಲ್ಲಿಂದ ಬಿಚ್ಚಿ ಮತ್ತೆ ಸುತ್ತಿ. ಬೇಜಾರಾಗುತ್ತದೆ ನಿಜ, ಆದರೆ ಸಡಿಲ ಎಳೆ ಕೊನೆಯವರೆಗೂ ಕಾಡುತ್ತದೆ.

ಈಗ ಹೊಕ್ಕಿನ ನೂಲು ಹಾಯಲು ಎಳೆಗಳ ನಡುವೆ ದಾರಿ ತೆರೆಯಬೇಕು. ಎರಡು ಇಂಚು ಅಗಲದ ಒಂದು ಚಪ್ಪಟೆ ಕಟ್ಟಿಗೆಪಟ್ಟಿಯನ್ನು ಒಂದು ಎಳೆ ಬಿಟ್ಟು ಒಂದು ಎಳೆಯ ಕೆಳಗೆ ತೂರಿಸಿ, ಚೌಕಟ್ಟಿನ ಮೇಲ್ಭಾಗದಲ್ಲಿ ಇಡಿ. ಅದು ಅಲ್ಲೇ ಇರುತ್ತದೆ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಮೊದಲ ದಾರಿ ತೆರೆಯುತ್ತದೆ. ಪಟ್ಟಿಯ ಹಿಂದೆ ಉಳಿದ 42 ಎಳೆಗಳಿವೆಯಲ್ಲ, ಪಟ್ಟಿಗಿಂತ ಸ್ವಲ್ಪ ಕೆಳಗೆ ಅವಕ್ಕೆ ಒಂದೊಂದಕ್ಕೂ ದಾರದ ಕುಣಿಕೆ ಹಾಕಿ, ಎಲ್ಲ ಕುಣಿಕೆಗಳನ್ನೂ ಒಂದು ಕೋಲಿಗೆ ಕಟ್ಟಿ. ಪಟ್ಟಿ ಮಲಗಿಸಿ ಕೋಲು ಮುಂದಕ್ಕೆ ಜಗ್ಗಿದರೆ ಎರಡನೆಯ ದಾರಿ. ಕುಣಿಕೆಗಳ ಉದ್ದ ಒಂದೇ ಸಮ ಇರಬೇಕು, ಇಲ್ಲವಾದರೆ ಅರ್ಧ ಎಳೆ ಬರುತ್ತವೆ, ಅರ್ಧ ಬರುವುದಿಲ್ಲ.

ಕೆಳಗೆ ನಾಲ್ಕೈದು ಇಂಚು ಬಿಟ್ಟು, ಅಲ್ಲಿ ಒಂದು ರಟ್ಟಿನ ಪಟ್ಟಿ ಸಿಕ್ಕಿಸಿ. ಆ ಜಾಗ ಆಮೇಲೆ ಗೊಂಡೆ ಕಟ್ಟಲು ಬೇಕು. ರಟ್ಟಿನ ಮೇಲೆ ಹಾಸಿನ ದಾರದಿಂದಲೇ ನಾಲ್ಕು ಸಾಲು ನೇಯ್ದು ಬಡಿಯಿರಿ, ಆಮೇಲೆ ಬಣ್ಣ ಶುರು.

ನಾನು ಒಮ್ಮೆ ನವಲಗುಂದದಲ್ಲಿ ಒಬ್ಬ ಅಜ್ಜಿಯ ಮಗ್ಗದ ಪಕ್ಕ ಕೂತಿದ್ದೆ. ಅವರು ಕೊಟ್ಟ ನೂಲನ್ನು ಆ ಕಡೆಯಿಂದ ಈ ಕಡೆಗೆ ತೂರಿಸಿ ನೆಟ್ಟಗೆ ಜಗ್ಗಿದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಹಿಂಗ ಬಿಗಿ ಎಳದ್ರ ನಡಾ ಸಣ್ಣ ಆಗತೈತಿ ನೋಡವಾ" ಅಂದು, ಆ ಸಾಲು ಬಿಚ್ಚಿ, ನೂಲನ್ನು ಕಮಾನಿನ ಹಾಗೆ ಮೇಲಕ್ಕೆ ಬಿಟ್ಟು, ನಡುವೆ ಒಂದು ಸಲ, ಆಮೇಲೆ ಆಚೆ ಈಚೆ, ಪಂಜಾದಿಂದ ಟಕ್ ಟಕ್ ಅಂತ ಬಡಿದರು. ಕಮಾನು ಕರಗಿ ಸಾಲಿನೊಳಗೆ ಸೇರಿಕೊಂಡಿತು. ಜಮಖಾನೆ ನೇಯುವುದರಲ್ಲಿ ಕಲಿಯಬೇಕಾದದ್ದು ಜಾಸ್ತಿ ಇರುವುದು ಇಲ್ಲೇ. ಹೊಕ್ಕಿನ ನೂಲು ಒಂದೊಂದು ಎಳೆಯ ಮುಂದೆ ಹಿಂದೆ ಸುತ್ತಿಕೊಂಡು ಹೋಗಬೇಕು, ಅದಕ್ಕೆ ಅಗಲಕ್ಕಿಂತ ಜಾಸ್ತಿ ಉದ್ದ ಬೇಕು. ನೆಟ್ಟಗೆ ಎಳೆದರೆ ಆ ಉದ್ದ ಸಿಗದೆ ಅಂಚುಗಳನ್ನು ಒಳಕ್ಕೆ ಜಗ್ಗುತ್ತದೆ, 14 ಇಂಚು ಇದ್ದದ್ದು ನಡುವೆ 12 ಆಗುತ್ತದೆ. 14 ಇಂಚಿನ ಸಾಲಿಗೆ ಎರಡು ಇಂಚು ಎತ್ತರದ ಕಮಾನು ಬಿಡಿ. ಎರಡೆರಡು ಇಂಚಿಗೊಮ್ಮೆ ಟೇಪ್ ಹಿಡಿದು ಅಗಲ ಅಳೆಯಿರಿ. ಪಂಜಾ ಇಲ್ಲದಿದ್ದರೆ ಗಟ್ಟಿ ಹಲ್ಲಿನ ಹಣಿಗೆ ಅಥವಾ ಊಟದ ಸ್ಟೀಲ್ ಫೋರ್ಕ್ ಸಾಕು. ಬಡಿದ ಮೇಲೆ ಹಾಸಿನ ಬಿಳಿ ದಾರ ಒಂದಿಷ್ಟೂ ಕಾಣಬಾರದು. ಕಂಡರೆ ಬಡಿತ ಸಾಲದು, ಇಲ್ಲಾ ಹೊಕ್ಕಿನ ನೂಲು ದಪ್ಪ ಜಾಸ್ತಿ.

ಮೊದಲ ಎರಡು ಇಂಚು ಒಂದೇ ಬಣ್ಣದಲ್ಲಿ ನೇಯಿರಿ, ಕೈ ಕೂರುತ್ತದೆ. ಆಮೇಲೆ ಪಗಡೆಯ ಮನೆಗಳು. ನವಿಲು ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು, ಆದರೆ ಮೊದಲ ಸಲ ಬೇಡ. ನವಿಲಿನ ಕೊರಳು ಬಾಗಬೇಕಾದರೆ ಪ್ರತಿ ಸಾಲಿಗೂ ಎಳೆ ಎಣಿಸಿ ಮೆಟ್ಟಿಲು ಮೆಟ್ಟಿಲಾಗಿ ಸರಿಯಬೇಕು. ಚೌಕದ ಲೆಕ್ಕ ಸುಲಭ, 84 ಎಳೆಗೆ ಏಳು ಮನೆ, ಮನೆಗೆ 12 ಎಳೆ. ಏಳು ಚಿಕ್ಕ ಉಂಡೆ ಸುತ್ತಿಕೊಳ್ಳಿ, ಕೆಂಪು ನಾಲ್ಕು, ಹಳದಿ ಮೂರು. ಒಂದು ಸಾಲಿನಲ್ಲಿ ಎಲ್ಲ ಉಂಡೆಗಳೂ ತಮ್ಮ ತಮ್ಮ ಮನೆಯೊಳಗೆ ಎಡದಿಂದ ಬಲಕ್ಕೆ ಹೋಗುತ್ತವೆ. ವಾಪಸ್ ಬರುವಾಗ ಗಡಿಯಲ್ಲಿ ಪಕ್ಕದ ಬಣ್ಣದ ನೂಲಿಗೆ ಒಮ್ಮೆ ಕೊಂಡಿ ಹಾಕಿ ತಿರುಗಿಸಿ. ಕೊಂಡಿ ಹಾಕದೆ ಸುಮ್ನೆ ತಿರುಗಿಸಿದರೆ ಎರಡು ಬಣ್ಣಗಳ ನಡುವೆ ಸೀಳು ಉಳಿಯುತ್ತದೆ, ಎರಡು ಇಂಚಿನ ಸೀಳಿಗೆ ಕಾಲ್ಬೆರಳು ಸಿಕ್ಕರೆ ಅಲ್ಲಿಂದಲೇ ಹರಿಯುತ್ತದೆ. ಮನೆ ಎರಡು ಇಂಚು ಎತ್ತರ ಆದಮೇಲೆ ಬಣ್ಣ ಅದಲು ಬದಲು ಮಾಡಿ, ಈಗ ಹಳದಿ ನಾಲ್ಕು, ಕೆಂಪು ಮೂರು. ನೂಲು ಮುಗಿದರೆ ಗಂಟು ಹಾಕಬೇಡಿ. ಹಳೆ ತುದಿ, ಹೊಸ ತುದಿ ಎರಡನ್ನೂ ಒಂದು ಇಂಚು ಜೊತೆಯಾಗಿ ಓಡಿಸಿ ಬಡಿದರೆ ಸಾಕು.

ಹೊಸಬರಿಗೆ ಒಂದು ಇಂಚು ಏರಲು ಒಂದು ತಾಸು ಬೇಕೇ ಬೇಕು. ಬೆನ್ನು ನೋಯುತ್ತದೆ, ಎದ್ದು ಓಡಾಡಿ ಬನ್ನಿ.

ಕೊನೆಗೆ ಮತ್ತೆ ಎರಡು ಇಂಚು ಒಂದೇ ಬಣ್ಣ, ನಾಲ್ಕು ಸಾಲು ಹಾಸಿನ ದಾರ. ಕತ್ತರಿಸುವಾಗ ಎಲ್ಲ ಎಳೆಗಳನ್ನೂ ಒಂದೇ ಸಲ ಕತ್ತರಿಸಬೇಡಿ, ಬಿಗಿ ತಪ್ಪಿ ಅಂಚಿನ ಸಾಲು ಬಿಚ್ಚಿಕೊಳ್ಳುತ್ತದೆ. ನಾಲ್ಕು ಎಳೆ ಕತ್ತರಿಸಿ, ಅಂಚಿಗೆ ತಾಗುವಂತೆ ಗಂಟು ಹಾಕಿ, ಮುಂದಿನ ನಾಲ್ಕು. ಎರಡೂ ಕಡೆ ಸೇರಿ 42 ಗೊಂಡೆ ಬರುತ್ತವೆ. ಹೊಸದನ್ನು ಒಂದು ಸಲ ತಣ್ಣೀರಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಿ. ಮೂಲೆ ಸೊಟ್ಟ ಇದ್ದರೆ ಹಸಿ ಇರುವಾಗಲೇ ಕೈಯಿಂದ ಎಳೆದು ನೆಟ್ಟಗೆ ಮಾಡಿ, ಒಣಗಿದ ಮೇಲೆ ಕೇಳುವುದಿಲ್ಲ. ಎತ್ತಿಡುವಾಗ ಮಡಚಬೇಡಿ, ಒಣ ಬೇವಿನ ಎಲೆ ಹಾಕಿ ಸುರುಳಿ ಸುತ್ತಿ ಇಡಿ.