ಅಪರೂಪಕ್ಕೊಮ್ಮೆ ಮುದ್ರಿಸುವ ಮನೆಗೆ ಯಾವ ಪ್ರಿಂಟರ್?

ಮಗಳ ಅರ್ಜಿಯನ್ನು ಮರುದಿನ ಬೆಳಿಗ್ಗೆ ಸಲ್ಲಿಸಬೇಕಿತ್ತು. ರಾತ್ರಿ ಹನ್ನೊಂದಕ್ಕೆ, ಎರಡೂವರೆ ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಇಂಕ್‌ಜೆಟ್ ಪ್ರಿಂಟರಿನ ಗುಂಡಿ ಒತ್ತಿದೆ. ಹೊರಬಂದ ಹಾಳೆಯಲ್ಲಿ ಪ್ರತಿ ಸಾಲನ್ನೂ ಬಿಳಿ ಗೆರೆಗಳು ಅಡ್ಡಡ್ಡ ಸೀಳಿದ್ದವು. ಒತ್ತಕ್ಷರಗಳು ಅರ್ಧಕ್ಕರ್ಧ ಮಾಯವಾಗಿದ್ದವು. ಶಾಯಿ ಚಿಮ್ಮಿಸುವ ಹೆಡ್ಡನ್ನು ಯಂತ್ರವೇ ತೊಳೆದುಕೊಳ್ಳುವ ‘ಹೆಡ್ ಕ್ಲೀನಿಂಗ್’ ಮಾಡಿಸಿದೆ. ಗೆರೆಗಳು ಸ್ವಲ್ಪ ತೆಳುವಾದವು. ಮತ್ತೊಮ್ಮೆ, ಮಗದೊಮ್ಮೆ. ಮೂರನೆಯ ಸಲಕ್ಕೆ ಕಪ್ಪು ಶಾಯಿ ಮುಗಿದಿದೆ ಎಂಬ ಸೂಚನೆ ಬಂತು. ಆ ಕಾರ್ಟ್ರಿಜ್‌ನಿಂದ ನಾನು ಮುದ್ರಿಸಿಕೊಂಡದ್ದು ಹೆಚ್ಚೆಂದರೆ ಮೂವತ್ತು ಪುಟ. ಉಳಿದ ಶಾಯಿಯೆಲ್ಲ ಯಂತ್ರ ತನ್ನ ಬಾಯಿ ತೊಳೆದುಕೊಳ್ಳುವುದಕ್ಕೇ ಖರ್ಚಾಗಿತ್ತು.

ಪ್ರಿಂಟರ್ ಕೊಳ್ಳಲು ಹೋದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಪುಟ ಬೇಕು? ಅಪರೂಪಕ್ಕೆ ಬಳಸುವವರು ಕೇಳಿಕೊಳ್ಳಬೇಕಾದ್ದು ಬೇರೆ. ಒಂದು ಸಲ ಮುದ್ರಿಸಿದ ಮೇಲೆ ಮುಂದಿನ ಸಲಕ್ಕೆ ಎಷ್ಟು ದಿನ ಕಳೆಯುತ್ತದೆ? ಇಡೀ ಆಯ್ಕೆ ಈ ಅಂತರದ ಮೇಲೆ ನಿಂತಿದೆ.

ಮೊದಲು ಆರು ತಿಂಗಳ ಲೆಕ್ಕ ಬರೆಯಿರಿ

ಕಳೆದ ಆರು ತಿಂಗಳಲ್ಲಿ ಏನೇನು ಮುದ್ರಿಸಿದಿರಿ, ಯಾವಾಗ ಮುದ್ರಿಸಿದಿರಿ ಎಂದು ನೆನಪಿಸಿಕೊಂಡು ಒಂದು ಚೀಟಿಯಲ್ಲಿ ಬರೆಯಿರಿ. ಯಾವುದಕ್ಕೆ ಬಣ್ಣ ನಿಜವಾಗಿ ಬೇಕಿತ್ತು ಎಂಬುದನ್ನೂ ಗುರುತು ಹಾಕಿ. ಹೆಚ್ಚಿನ ಮನೆಗಳಲ್ಲಿ ಅರ್ಜಿ, ಟಿಕೆಟ್, ಗುರುತಿನ ಚೀಟಿಯ ಪ್ರತಿ, ಮಕ್ಕಳ ಪಾಠದ ಹಾಳೆಗಳೇ ಸಿಗುತ್ತವೆ. ಇವಕ್ಕೆಲ್ಲ ಕಪ್ಪು ಅಕ್ಷರ ಧಾರಾಳ ಸಾಕು.

ವರ್ಷಕ್ಕೆ ಹತ್ತು ಹದಿನೈದು ಹಾಳೆ ಮಾತ್ರ ಎಂದಾದರೆ ಪ್ರಿಂಟರನ್ನೇ ಕೊಳ್ಳಬೇಡಿ. ಹೊರಗೆ ಮುದ್ರಿಸಿಕೊಂಡು ಬರುವುದೇ ಲೇಸು. ವಾರಕ್ಕೊಮ್ಮೆಯಾದರೂ, ಅದರಲ್ಲೂ ಬಣ್ಣದಲ್ಲಿ, ಮುದ್ರಿಸುವವರಿಗೆ ಇಂಕ್‌ಜೆಟ್ ಒಗ್ಗುತ್ತದೆ. ಈ ಎರಡರ ನಡುವೆ ಇರುವವರಿಗೆ, ಅಂದರೆ ತಿಂಗಳಿಗೋ ಎರಡು ತಿಂಗಳಿಗೋ ನಾಲ್ಕಾರು ಹಾಳೆ ಬೇಕಾಗುವವರಿಗೆ, ನನ್ನ ಸಲಹೆ ನೇರವಾಗಿದೆ: ಕಪ್ಪು ಬಿಳುಪಿನ ಲೇಸರ್ ಪ್ರಿಂಟರ್.

ಶಾಯಿ ಒಣಗುತ್ತದೆ, ಪುಡಿ ಒಣಗುವುದಿಲ್ಲ

ಇಂಕ್‌ಜೆಟ್‌ನ ಪ್ರಿಂಟ್ ಹೆಡ್‌ನಲ್ಲಿ ತಲೆಕೂದಲಿಗಿಂತ ಸಣ್ಣದಾದ ನೂರಾರು ರಂಧ್ರಗಳಿರುತ್ತವೆ. ಮನೆಯ ಪ್ರಿಂಟರುಗಳ ಶಾಯಿಯಲ್ಲಿ ಬಹುಪಾಲು ನೀರು. ಯಂತ್ರ ಸುಮ್ಮನೆ ಕುಳಿತಷ್ಟು ದಿನವೂ ಆ ನೀರು ಆರುತ್ತಾ ಹೋಗಿ ರಂಧ್ರದ ಬಾಯಲ್ಲಿ ಬಣ್ಣ ಗಟ್ಟಿಯಾಗುತ್ತದೆ. ಅದನ್ನು ತೆಗೆಯಲು ಯಂತ್ರಕ್ಕೆ ಗೊತ್ತಿರುವ ದಾರಿ ಒಂದೇ, ಇನ್ನಷ್ಟು ಶಾಯಿ ಹರಿಸುವುದು. ಹಾಗೆ ಹರಿದ ಶಾಯಿ ಒಳಗಿನ ಹೀರುಪಟ್ಟಿಗೆ ಸೇರಿ ವ್ಯರ್ಥವಾಗುತ್ತದೆ. ಹಲವು ಯಂತ್ರಗಳು ನೀವು ಹೇಳದಿದ್ದರೂ, ಚಾಲೂ ಮಾಡಿದಾಗಲೇ ಈ ಶುದ್ಧಿಕಾರ್ಯ ನಡೆಸುತ್ತವೆ.

ಲೇಸರ್ ಪ್ರಿಂಟರಿನಲ್ಲಿರುವ ಟೋನರ್ ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ. ಲೇಸರ್ ಕಿರಣ ಒಂದು ಡ್ರಮ್ಮಿನ ಮೇಲೆ ಅಕ್ಷರಗಳ ವಿದ್ಯುತ್ ಅಚ್ಚನ್ನು ಮೂಡಿಸುತ್ತದೆ. ಪುಡಿ ಆ ಅಚ್ಚಿಗೆ ಅಂಟಿಕೊಂಡು ಕಾಗದಕ್ಕೆ ದಾಟುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಫ್ಯೂಸರ್ ಅದನ್ನು ಕರಗಿಸಿ ಕಾಗದಕ್ಕೆ ಕೂರಿಸುತ್ತದೆ. ಹಾಳೆ ಬೆಚ್ಚಗೆ ಹೊರಬರುವುದು ಅದಕ್ಕೇ. ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಒಣಪುಡಿಯಿಂದ ಮೊದಲ ಪ್ರತಿ ತೆಗೆದ ಈ ವಿಧಾನಕ್ಕೆ ಆಮೇಲೆ ಇಟ್ಟ ಹೆಸರು ಝೆರೋಗ್ರಫಿ. ಗ್ರೀಕ್ ಮೂಲದಲ್ಲಿ ಅದರ ಅರ್ಥ ‘ಒಣ ಬರಹ’. ಒಣಗಿಯೇ ಇರುವ ಪುಡಿ ಇನ್ನೇನು ಒಣಗೀತು? ನಾಲ್ಕು ತಿಂಗಳು ಮುಚ್ಚಿಟ್ಟ ನಮ್ಮ ಈಗಿನ ಲೇಸರ್ ಯಂತ್ರ ಮೊನ್ನೆ ಮೊದಲ ಹಾಳೆಯನ್ನೇ ಕಪ್ಪಗೆ, ಸ್ಪಷ್ಟವಾಗಿ ಕೊಟ್ಟಿತು.

ಟ್ಯಾಂಕ್ ಪ್ರಿಂಟರಿನ ಲೆಕ್ಕ

ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕ್ ಪ್ರಿಂಟರುಗಳಲ್ಲಿ ಪುಟಕ್ಕೆ ತಗಲುವ ವೆಚ್ಚ ಬಹಳ ಕಡಿಮೆ, ಅದು ನಿಜ. ಆದರೆ ಒಂದು ಭಾಗಾಕಾರ ಮಾಡಿ. ಶಾಯಿ 4,500 ಪುಟಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 5 ಪುಟ ಮುದ್ರಿಸಿದರೆ ಅದು ಮುಗಿಯಲು 75 ವರ್ಷ ಬೇಕು. ಅಷ್ಟರೊಳಗೆ ಹೆಡ್ ಎಷ್ಟು ಬಾರಿ ಕಟ್ಟಿಕೊಂಡೀತು! ಟ್ಯಾಂಕ್ ದೊಡ್ಡದಾದ ಮಾತ್ರಕ್ಕೆ ಹೆಡ್‌ನ ರಂಧ್ರ ದೊಡ್ಡದಾಗುವುದಿಲ್ಲ. ಇದು ದಿನವೂ ಮುದ್ರಿಸುವವರ ಯಂತ್ರ.

ಬಣ್ಣದ ಲೇಸರ್ ಒಣಗುವ ಭಯವಿಲ್ಲದ್ದೇ. ಆದರೆ ನಾಲ್ಕು ಟೋನರ್ ಕೊಳ್ಳಬೇಕು, ಗಾತ್ರವೂ ತೂಕವೂ ಹೆಚ್ಚು, ಫೋಟೋಗಳಿಗೆ ಇಂಕ್‌ಜೆಟ್‌ನ ಸೊಗಸು ಬರುವುದಿಲ್ಲ. ಅಪರೂಪದ ಫೋಟೋವನ್ನು ಸ್ಟುಡಿಯೋದಲ್ಲಿ ಹಾಕಿಸಿ.

ಕೊಳ್ಳುವ ಮುನ್ನ ಟೋನರ್ ಬೆಲೆ ಕೇಳಿ

ಯಂತ್ರದ ಬೆಲೆ ನೋಡುವ ಮೊದಲೇ ಹೊಸ ಟೋನರಿನ ಬೆಲೆ ಮತ್ತು ಅದು ಎಷ್ಟು ಪುಟ ಕೊಡುತ್ತದೆ ಎಂಬುದನ್ನು ಕೇಳಿ ತಿಳಿಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪುಟದ ವೆಚ್ಚ ಸಿಗುತ್ತದೆ. ಕಪ್ಪು ಟೋನರಿನ ಪುಟಸಂಖ್ಯೆಯನ್ನು ಅಳೆಯಲು ಐಎಸ್‌ಒ/ಐಇಸಿ 19752 ಎಂಬ ಮಾನದಂಡವಿದೆ. ಅದನ್ನು ನಮೂದಿಸಿದ ಅಂಕಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ಎಷ್ಟೋ ಪ್ರಿಂಟರುಗಳ ಜೊತೆಗೆ ಬರುವುದು ಅರೆ ತುಂಬಿದ ‘ಸ್ಟಾರ್ಟರ್’ ಟೋನರ್ ಎಂಬುದೂ ನೆನಪಿರಲಿ. ಡ್ರಮ್ ಟೋನರಿನೊಳಗೇ ಇದೆಯೇ, ಪ್ರತ್ಯೇಕವಾಗಿ ಬದಲಿಸಬೇಕೇ ಎಂದೂ ವಿಚಾರಿಸಿ.

ನನಗೆ ನಿಜಕ್ಕೂ ಸಿಟ್ಟು ಬರುವ ಸಂಗತಿಯೊಂದಿದೆ. ಕೆಲವು ಮಾದರಿಗಳು ಸದಾ ಇಂಟರ್ನೆಟ್ ಸಂಪರ್ಕದಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಕೆಲವು ಬೇರೆ ತಯಾರಕರ ಕಾರ್ಟ್ರಿಜ್ ಹಾಕಿದರೆ ಚಿಪ್ ನೋಡಿ ತಿರಸ್ಕರಿಸುತ್ತವೆ. ಹಣ ಕೊಟ್ಟು ಕೊಂಡ ಯಂತ್ರ ನಿಮ್ಮ ಮಾತು ಕೇಳಬೇಕಲ್ಲವೇ? ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿ. ತಿಂಗಳ ಚಂದಾ ಕೇಳುವ ಯೋಜನೆಗಳಿಂದ, ಅಪರೂಪಕ್ಕೆ ಬಳಸುವವರು ದೂರವಿರಿ.

ಜೋಡಣೆ ಮತ್ತು ಸ್ಕ್ಯಾನರ್

ವೈಫೈ ಇರಲಿ, ಯುಎಸ್‌ಬಿ ಕೇಬಲ್ಲಿಗೂ ಜಾಗವಿರಲಿ. ಮೂರು ತಿಂಗಳ ನಂತರ ಚಾಲೂ ಮಾಡುವಷ್ಟರಲ್ಲಿ ಮನೆಯ ವೈಫೈ ಪಾಸ್‌ವರ್ಡ್ ಬದಲಾಗಿರುತ್ತದೆ. ಆಗ ಕೇಬಲ್ಲೇ ಗತಿ. ಮೊಬೈಲಿನಿಂದ ಮುದ್ರಿಸುವುದಾದರೆ ಏರ್‌ಪ್ರಿಂಟ್ (ಐಫೋನಿಗೆ) ಅಥವಾ ಮೋಪ್ರಿಯಾ (ಆಂಡ್ರಾಯ್ಡ್‌ಗೆ) ಎಂಬ ಗುರುತು ಹುಡುಕಿ, ಬೇರೆ ಆ್ಯಪ್‌ನ ಕಾಟ ತಪ್ಪುತ್ತದೆ. ಬರಿಯ ಸ್ಕ್ಯಾನಿಗೆ ಮೊಬೈಲ್ ಸಾಕು. ಗುರುತಿನ ಚೀಟಿಯ ನೆರಳಚ್ಚು ಮನೆಯಲ್ಲೇ ಆಗಬೇಕೆಂದರೆ ಸ್ಕ್ಯಾನರ್ ಇರುವ ಮಾದರಿ ಆರಿಸಿ.

ಫ್ಯೂಸರ್ ಬಿಸಿಯಾಗುವಾಗ ಲೇಸರ್ ಪ್ರಿಂಟರ್ ತುಂಬಾ ವಿದ್ಯುತ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಸಿಕ್ಕಿಸಬೇಡಿ, ನೇರವಾಗಿ ಗೋಡೆಯ ಸಾಕೆಟ್ಟಿಗೆ ಕೊಡಿ. ಇಂಕ್‌ಜೆಟ್‌ಗೆಂದು ಮಾಡಿದ ಹೊಳಪಿನ ಫೋಟೋ ಕಾಗದವನ್ನು ಲೇಸರ್ ಪ್ರಿಂಟರಿಗೆ ಹಾಕಲೇಬೇಡಿ; ಲೇಪನ ಕರಗಿ ರೋಲರಿಗೆ ಅಂಟುತ್ತದೆ.

ಮನೆಯಲ್ಲಿ ಈಗಾಗಲೇ ಇಂಕ್‌ಜೆಟ್ ಇದ್ದರೆ

ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಸಣ್ಣ ಚಿತ್ರ ಮುದ್ರಿಸಿ. ಯಂತ್ರವನ್ನು ಆಫ್ ಮಾಡುವಾಗ ಗೋಡೆಯ ಸ್ವಿಚ್ಚನ್ನು ಮುಟ್ಟದೆ ಯಂತ್ರದ ಗುಂಡಿಯನ್ನೇ ಒತ್ತಿ; ಆಗ ಹೆಡ್ ತನ್ನ ಜಾಗಕ್ಕೆ ಸರಿದು, ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಗಾಳಿಯಾಡುವುದಿಲ್ಲ. ಅಕ್ಷರ ಸೀಳಿದಂತೆ ಬಂದರೆ ಮೊದಲು ನಾಜಲ್ ಚೆಕ್, ಅಂದರೆ ರಂಧ್ರಗಳನ್ನು ಪರೀಕ್ಷಿಸುವ ಚಿತ್ರ, ಮುದ್ರಿಸಿ ನೋಡಿ. ಜಾಲರಿಯಂಥ ಆ ಚಿತ್ರದಲ್ಲಿ ಯಾವ ಬಣ್ಣದ ಗೆರೆಗಳು ತುಂಡಾಗಿವೆಯೋ ಆ ಬಣ್ಣದ ರಂಧ್ರಗಳೇ ಕಟ್ಟಿಕೊಂಡಿವೆ. ಒಂದೆರಡು ಸಲ ಕ್ಲೀನಿಂಗ್ ಮಾಡಿಸಿಯೂ ಸರಿಯಾಗದಿದ್ದರೆ ನಾನು ಆ ರಾತ್ರಿ ಮಾಡಿದಂತೆ ಮುಂದುವರಿಸಬೇಡಿ. ಕೆಲವು ಗಂಟೆ ಹಾಗೇ ಬಿಡಿ. ಗಟ್ಟಿಯಾದದ್ದು ಹೊಸ ಶಾಯಿಯಲ್ಲಿ ನೆನೆದು ಸಡಿಲವಾಗಬಹುದು.

ಕಾಗದವನ್ನೂ ಮರೆಯಬಾರದು. ಟ್ರೇಯಲ್ಲಿ ತಿಂಗಳುಗಟ್ಟಲೆ ಕುಳಿತ ಹಾಳೆಗಳು ತೇವ ಹೀರಿ ಅಂಚು ಸುರುಳಿಯಾಗುತ್ತವೆ, ಯಂತ್ರದೊಳಗೆ ಸಿಕ್ಕಿಕೊಳ್ಳುತ್ತವೆ. ಬೇಕಾದಷ್ಟೇ ಹಾಳೆ ಹಾಕಿ, ಉಳಿದದ್ದನ್ನು ಮೂಲ ಹೊದಿಕೆಯಲ್ಲೇ ಸುತ್ತಿ, ಸಮತಟ್ಟಾದ ಜಾಗದಲ್ಲಿ ಮಲಗಿಸಿಡಿ.